‘ಇಂಟರ್‌ನ್ಯಾಷನಲ್’ ಎಂಬ ನಾಮಫಲಕ ಮತ್ತು ನಮ್ಮ ಮಕ್ಕಳು

ಶಾಲಾ ಪ್ರವೇಶಾತಿಯ ಋತು ಆರಂಭವಾಯಿತೆಂದರೆ ನಮ್ಮ ಪಟ್ಟಣಗಳ ರಸ್ತೆ ಬದಿಗಳು ಫ್ಲೆಕ್ಸ್‌ಗಳಿಂದ ತುಂಬಿಬಿಡುತ್ತವೆ. ನಗುವ ಮಗು, ಹಸಿರು ಮೈದಾನ, ಹವಾನಿಯಂತ್ರಿತ ತರಗತಿ ಮತ್ತು ದಪ್ಪಕ್ಷರದಲ್ಲಿ ‘ಇಂಟರ್‌ನ್ಯಾಷನಲ್ ಸ್ಕೂಲ್’ ಎಂಬ ಹೆಸರು. ಹತ್ತಿಪ್ಪತ್ತು ವರ್ಷಗಳ ಹಿಂದೆ ಈ ಹೆಸರು ಮಹಾನಗರಗಳಿಗೆ ಸೀಮಿತವಾಗಿತ್ತು. ಅಲ್ಲಿಯೂ ವಿದೇಶಿ ಕಂಪೆನಿಗಳ ಅಧಿಕಾರಿಗಳ ಮಕ್ಕಳು ಕಲಿಯುವ ಜಾಗವೆಂದೇ ಅದು ಪರಿಚಿತವಾಗಿತ್ತು. ಇಂದು ತಾಲೂಕು ಕೇಂದ್ರಗಳಲ್ಲೂ ಈ ಫಲಕವಿದೆ. ನಮ್ಮ ಸಮುದಾಯದ ಟ್ರಸ್ಟ್‌ಗಳು ನಡೆಸುವ ಶಾಲೆಗಳೂ ತಮ್ಮ ಹಳೆಯ ಹೆಸರಿನ ಪಕ್ಕದಲ್ಲಿ ಈ ಪದವನ್ನು ಸೇರಿಸಿಕೊಳ್ಳತೊಡಗಿವೆ. ಗಲ್ಫ್‌ನಲ್ಲಿ ದುಡಿಯುವ ತಂದೆ ತನ್ನ ಸಂಬಳದ ದೊಡ್ಡ ಪಾಲನ್ನು ಈ ಶಾಲೆಯ ಶುಲ್ಕಕ್ಕೆ ಮೀಸಲಿಡುತ್ತಾನೆ. ಊರಿನಲ್ಲಿ ಸಣ್ಣ ವ್ಯಾಪಾರ ಮಾಡುವವನು ಪತ್ನಿಯ ಒಡವೆಯನ್ನು ಅಡವಿಡುತ್ತಾನೆ. ಮಗುವಿನ ಭವಿಷ್ಯಕ್ಕಾಗಿ ಹೆತ್ತವರು ಮಾಡುವ ತ್ಯಾಗವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಯಾವುದಕ್ಕಾಗಿ ಈ ತ್ಯಾಗ, ಆ ಫಲಕದ ಹಿಂದೆ ನಿಜವಾಗಿ ಏನಿದೆ ಎಂಬ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲ ಬಂದಿದೆ.

ಅಷ್ಟಕ್ಕೂ ಅಂತಾರಾಷ್ಟ್ರೀಯ ಶಾಲೆ ಎಂಬ ಪರಿಕಲ್ಪನೆ ವ್ಯಾಪಾರಕ್ಕಾಗಿ ಹುಟ್ಟಿದ್ದಲ್ಲ. ಮೊದಲ ಮಹಾಯುದ್ಧ ಯುರೋಪನ್ನು ಸುಟ್ಟು ಹಾಕಿದ ಬಳಿಕ, ಜಗತ್ತು ಮತ್ತೊಂದು ಯುದ್ಧಕ್ಕೆ ಜಾರಬಾರದೆಂಬ ಉದ್ದೇಶದಿಂದ ಲೀಗ್ ಆಫ್ ನೇಷನ್ಸ್ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಸ್ವಿಟ್ಝರ್‌ಲ್ಯಾಂಡ್‌ನ ಜಿನೀವಾದಲ್ಲಿತ್ತು. ಹತ್ತಾರು ದೇಶಗಳಿಂದ ಅಲ್ಲಿಗೆ ಬಂದ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಅಲ್ಲಿ ಒಂದು ಶಾಲೆ ತೆರೆಯಿತು. ಆರಂಭದಲ್ಲಿದ್ದುದು ಬೆರಳೆಣಿಕೆಯ ಮಕ್ಕಳು. ಸ್ಥಾಪಕರಲ್ಲಿ ಒಬ್ಬರಾಗಿದ್ದ ಪೋಲೆಂಡಿನ ವೈದ್ಯ ಲುಡ್ವಿಕ್ ರೈಖ್‌ಮನ್, ಮುಂದೆ ಮಕ್ಕಳಿಗಾಗಿ ದುಡಿಯುವ ಯುನಿಸೆಫ್ ಸಂಸ್ಥೆಯ ಸ್ಥಾಪನೆಗೂ ಕಾರಣರಾದರು. ನಿನ್ನೆಯವರೆಗೆ ಪರಸ್ಪರ ಶತ್ರುಗಳಾಗಿದ್ದ ದೇಶಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತರೆ ನಾಳೆ ಬಂದೂಕು ಹಿಡಿಯಲಾರರು ಎಂಬುದು ಅವರ ನಂಬಿಕೆ. ಪತ್ನಿ ಕಮಲಾರ ಚಿಕಿತ್ಸೆಗಾಗಿ 1926ರಲ್ಲಿ ಸ್ವಿಟ್ಝರ್‌ಲ್ಯಾಂಡ್‌ಗೆ ಹೋಗಿದ್ದ ಜವಾಹರಲಾಲ್ ನೆಹರೂ ತಮ್ಮ ಪುಟ್ಟ ಮಗಳು ಇಂದಿರಾಳನ್ನು ಸೇರಿಸಿದ್ದು ಇದೇ ಶಾಲೆಗೆ. 2024ರಲ್ಲಿ ಆ ಶಾಲೆಗೆ ನೂರು ವರ್ಷ ತುಂಬಿತು. ಅದರ ಸ್ಥಾಪಕರು ಬಯಸಿದ ಜಗತ್ತು ಮಾತ್ರ ಇನ್ನೂ ಬಂದಿಲ್ಲ.

ಇದೇ ಜಿನೀವಾದಲ್ಲಿ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, ಅಂದರೆ ಇಂದು ಎಲ್ಲರ ಬಾಯಲ್ಲಿರುವ ‘ಐಬಿ’ ಹುಟ್ಟಿಕೊಂಡಿತು. ತಂದೆ ಅಥವಾ ತಾಯಿಗೆ ವರ್ಗಾವಣೆಯಾದಾಗಲೆಲ್ಲ ದೇಶ ಬದಲಿಸುವ ಮಗುವಿಗೆ, ಯಾವ ದೇಶದ ವಿಶ್ವವಿದ್ಯಾಲಯವಾದರೂ ಒಪ್ಪುವ ಒಂದು ಪ್ರಮಾಣಪತ್ರ ಬೇಕಿತ್ತು. ಆ ಅಗತ್ಯವೇ ಅದರ ಮೂಲ. ಇಂದು ಅದರ ಡಿಪ್ಲೊಮಾ ಪಡೆಯುವ ವಿದ್ಯಾರ್ಥಿ ಕೊನೆಯ ಎರಡು ವರ್ಷಗಳಲ್ಲಿ ಆರು ವಿಷಯಗಳನ್ನು ಕಲಿಯುತ್ತಾನೆ. ವಿಜ್ಞಾನದ ಹಿಂದೆ ಓಡುವವನು ಸಾಹಿತ್ಯವನ್ನು ಬಿಡುವಂತಿಲ್ಲ, ಕಲೆಯನ್ನು ಪ್ರೀತಿಸುವವನು ಗಣಿತದಿಂದ ತಪ್ಪಿಸಿಕೊಳ್ಳುವಂತಿಲ್ಲ. ತಾನೇ ಆಯ್ದುಕೊಂಡ ಒಂದು ಪ್ರಶ್ನೆಯ ಬಗ್ಗೆ ನಾಲ್ಕು ಸಾವಿರ ಪದಗಳವರೆಗಿನ ಸಂಶೋಧನಾ ಪ್ರಬಂಧವನ್ನು ಬರೆಯಬೇಕು. ‘ನಾವು ಒಂದು ಸಂಗತಿಯನ್ನು ಹೇಗೆ ತಿಳಿಯುತ್ತೇವೆ, ಅದು ನಿಜವೆಂದು ಹೇಗೆ ನಂಬುತ್ತೇವೆ’ ಎಂಬುದನ್ನೇ ವಿಷಯವಾಗಿಟ್ಟುಕೊಂಡ ಒಂದು ತರಗತಿಯಿದೆ. ಅದರ ಜೊತೆಗೆ ಸೃಜನಶೀಲತೆ, ದೈಹಿಕ ಚಟುವಟಿಕೆ ಮತ್ತು ಸಮಾಜ ಸೇವೆ ಕಡ್ಡಾಯ. ಇವನ್ನು ಪೂರೈಸದವನಿಗೆ ಅಂಕ ಎಷ್ಟೇ ಬಂದಿದ್ದರೂ ಡಿಪ್ಲೊಮಾ ದೊರೆಯದು. ಒಟ್ಟು 45 ಅಂಕಗಳಲ್ಲಿ 24 ಬಂದರೆ, ಉಳಿದ ಶರತ್ತುಗಳು ಪೂರ್ತಿಯಾದರೆ, ತೇರ್ಗಡೆ. ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವ ನಮ್ಮ ಪದ್ಧತಿಗೆ ಹೋಲಿಸಿದರೆ ಇದರಲ್ಲಿ ಕಲಿಯಬೇಕಾದುದು ಬಹಳಷ್ಟಿದೆ ಎಂಬುದನ್ನು ಒಪ್ಪಿಕೊಳ್ಳೋಣ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ಆರು ವಿಷಯಗಳಲ್ಲಿ ಮೊದಲನೆಯದು, ವಿದ್ಯಾರ್ಥಿಗೆ ಚೆನ್ನಾಗಿ ಬರುವ ಭಾಷೆಯ ಸಾಹಿತ್ಯ. ಸಾಧ್ಯವಾದಷ್ಟು ಅದು ಅವನ ಮಾತೃಭಾಷೆಯಾಗಿರಬೇಕೆಂಬುದು ಆ ಪದ್ಧತಿಯ ಆಶಯ. ಶಾಲೆಯಲ್ಲಿ ಆ ಭಾಷೆಯ ಅಧ್ಯಾಪಕರು ಇಲ್ಲದಿದ್ದರೂ ಶಾಲೆಯ ನೆರವಿನಿಂದ ವಿದ್ಯಾರ್ಥಿ ತಾನೇ ಅದನ್ನು ಅಭ್ಯಸಿಸಿ ಪರೀಕ್ಷೆ ಬರೆಯಲು ಅವಕಾಶವಿದೆ. ಈಗ ನಮ್ಮ ಪಟ್ಟಣಗಳ ‘ಇಂಟರ್‌ನ್ಯಾಷನಲ್’ ಶಾಲೆಗಳ ಕಡೆ ಕಣ್ಣು ಹಾಯಿಸೋಣ. ಮಗು ಆಟದ ಮೈದಾನದಲ್ಲಿ ಕನ್ನಡದಲ್ಲೋ, ಬ್ಯಾರಿಯಲ್ಲೋ, ಉರ್ದುವಿನಲ್ಲೋ ಮಾತಾಡಿದರೆ ದಂಡ ಹಾಕುವ, ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದು ಕಳುಹಿಸುವ ಶಾಲೆಗಳಿವೆ. ಅದನ್ನೇ ಶಿಸ್ತೆಂದು ಭಾವಿಸಿ ಹೆಮ್ಮೆಪಡುವ ಹೆತ್ತವರೂ ಇದ್ದಾರೆ. ಜಿನೀವಾದವರು ಗೌರವಿಸುವ ನಮ್ಮ ಭಾಷೆಯನ್ನು ನಾವೇ ಅಪರಾಧವಾಗಿಸಿ, ಅದಕ್ಕೆ ಅಂತಾರಾಷ್ಟ್ರೀಯ ಎಂದು ಹೆಸರಿಟ್ಟಿದ್ದೇವೆ. ಅಜ್ಜಿಯ ಜೊತೆ ಅವಳ ಭಾಷೆಯಲ್ಲಿ ನಾಲ್ಕು ಮಾತಾಡಲು ತಡವರಿಸುವ ಮಗು ಯಾವ ಜಗತ್ತಿಗೆ ಸೇರಿದ್ದು?

ಹೆಸರಿಗೂ ಹೂರಣಕ್ಕೂ ಇರುವ ಈ ಅಂತರ ಭಾಷೆಯಲ್ಲಿ ಮಾತ್ರವಲ್ಲ. ಶಾಲೆಯ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದ್ದ ಮಾತ್ರಕ್ಕೆ ಅಲ್ಲಿ ಐಬಿ ಅಥವಾ ಕೇಂಬ್ರಿಜ್ ಪಠ್ಯಕ್ರಮ ಇದೆಯೆಂದು ಅರ್ಥವಲ್ಲ. ಆ ಫಲಕ ಹೊತ್ತ ಅನೇಕ ಶಾಲೆಗಳಲ್ಲಿ ಕಲಿಸುವುದು ರಾಜ್ಯ ಪಠ್ಯಕ್ರಮ ಅಥವಾ ಸಿಬಿಎಸ್‌ಇ. ಅದರಲ್ಲಿ ತಪ್ಪೇನೂ ಇಲ್ಲ. ಅದನ್ನು ಮರೆಮಾಚಿ ಶುಲ್ಕ ವಸೂಲಿ ಮಾಡುವುದರಲ್ಲಿ ತಪ್ಪಿದೆ. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದುದು ನಮಗೆಲ್ಲ ಪಾಠವಾಗಬೇಕು. ಹೆಸರಾಂತ ಶಾಲಾ ಸರಪಣಿಯೊಂದರ ಶಾಖೆಗಳ ಮುಂದೆ ನೂರಾರು ಹೆತ್ತವರು ಬೀದಿಗಿಳಿದು ಪ್ರತಿಭಟಿಸಿದರು. ಸಿಬಿಎಸ್‌ಇ ಎಂದು ನಂಬಿ ಮಕ್ಕಳನ್ನು ಸೇರಿಸಿದ್ದ ಅವರಿಗೆ, ಮಕ್ಕಳು ರಾಜ್ಯ ಸರಕಾರದ ಮೌಲ್ಯಾಂಕನ ಪರೀಕ್ಷೆಯನ್ನು ಬರೆಯಬೇಕೆಂಬ ಸೂಚನೆ ಬಂದಾಗಲೇ ಶಾಲೆಗೆ ಆ ಸಂಯೋಜನೆ ಇಲ್ಲವೆಂಬ ಸಂಗತಿ ಗೊತ್ತಾದದ್ದು. ಅವರು ಅವಿದ್ಯಾವಂತರಾಗಿರಲಿಲ್ಲ. ಮಹಾನಗರದ ಸುಶಿಕ್ಷಿತರಿಗೇ ಹೀಗಾಗುವುದಾದರೆ, ತಾಲೂಕು ಕೇಂದ್ರದ ಸಾಮಾನ್ಯ ಕುಟುಂಬದ ಪಾಡೇನು?

ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾ ಈ ದಾರಿಯನ್ನು ನಮಗಿಂತ ಮೊದಲೇ ತುಳಿದಿದೆ. ಅಲ್ಲಿ 2003ರ ಶಿಕ್ಷಣ ಕಾನೂನಿನ ಆಧಾರದಲ್ಲಿ ಸರಕಾರವೇ ಸಾವಿರಕ್ಕೂ ಹೆಚ್ಚು ಸರಕಾರಿ ಶಾಲೆಗಳನ್ನು ‘ಅಂತಾರಾಷ್ಟ್ರೀಯ ಮಟ್ಟ’ಕ್ಕೆ ಏರಿಸಲು ಹೊರಟಿತು. ಆಯ್ದ ಆ ಶಾಲೆಗಳಿಗೆ ವಿಶೇಷ ಅನುದಾನ ದೊರೆಯಿತು. ವಿಜ್ಞಾನ, ಗಣಿತಗಳಿಗೆ ಇಂಗ್ಲಿಷ್ ಮಾಧ್ಯಮ ಬಂತು. ಹೆತ್ತವರಿಂದ ಹಣ ಪಡೆಯಲು ಅನುಮತಿಯೂ ದೊರೆಯಿತು. ಪರಿಣಾಮವಾಗಿ ಬಡವನ ತೆರಿಗೆಯಿಂದ ಕಟ್ಟಿದ ಶಾಲೆಗೆ ಬಡವನ ಮಗುವೇ ಹೊರಗಿನವನಾಯಿತು. ಹೆತ್ತವರು, ಹೋರಾಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. 2013ರ ಜನವರಿ 8ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಯೋಜನೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಮಕ್ಕಳ ನಡುವೆ ಭೇದ ಉಂಟುಮಾಡುವ, ದೇಶದ ಭಾಷೆ ಮತ್ತು ಅಸ್ಮಿತೆಯನ್ನು ಸಡಿಲಗೊಳಿಸುವ ವ್ಯವಸ್ಥೆಯನ್ನು ಸರಕಾರ ನಡೆಸುವಂತಿಲ್ಲ ಎಂಬುದು ಅದರ ಸಾರ. ಮರುವರ್ಷ ಬಂದ ನಿಯಮದನ್ವಯ ಖಾಸಗಿ ಶಾಲೆಗಳೂ ‘ಇಂಟರ್‌ನ್ಯಾಷನಲ್’ ಎಂಬ ಪದವನ್ನು ಹೆಸರಿನಿಂದ ತೆಗೆಯಬೇಕಾಯಿತು. ರಾಜಧಾನಿಯ ಪ್ರತಿಷ್ಠಿತ ಜಕಾರ್ತಾ ಇಂಟರ್‌ನ್ಯಾಷನಲ್ ಸ್ಕೂಲ್ ಅಂದಿನಿಂದ ಜಕಾರ್ತಾ ಇಂಟರ್‌ಕಲ್ಚರಲ್ ಸ್ಕೂಲ್ ಆಯಿತು. ನಮ್ಮಲ್ಲಿಯೂ ಶಾಲೆಗಳ ಹೆಸರಿಗೆ ಇಂತಹದೊಂದು ಅಂಕುಶ ಬೇಕೆಂದು ಕೇಳುವುದು ತಪ್ಪಾಗಲಾರದು.

ಹಾಗಂತ ನಿಜವಾದ ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಎಲ್ಲವೂ ಸರಿಯಿದೆಯೆಂದೂ ಅಲ್ಲ. ಕೊರೋನಾ ಹಾವಳಿಯಿಂದಾಗಿ 2020ರ ಮೇ ತಿಂಗಳ ಪರೀಕ್ಷೆಗಳನ್ನು ಐಬಿ ರದ್ದುಪಡಿಸಿತು. ಬದಲಿಗೆ ವಿದ್ಯಾರ್ಥಿಗಳ ಶಾಲಾ ಬರಹ, ಅಧ್ಯಾಪಕರ ಅಂದಾಜು ಮತ್ತು ಆಯಾ ಶಾಲೆಯ ಹಿಂದಿನ ಫಲಿತಾಂಶ- ಇವನ್ನೆಲ್ಲ ಗಣಿತ ಸೂತ್ರವೊಂದಕ್ಕೆ ಹಾಕಿ ಅಂಕ ನೀಡಿತು. ಜುಲೈಯಲ್ಲಿ ಫಲಿತಾಂಶ ಬಂದಾಗ 1 ಲಕ್ಷ 70 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಅನೇಕರು ಆಘಾತಗೊಂಡರು. ವಿಶ್ವವಿದ್ಯಾಲಯಗಳ ಸೀಟುಗಳು ಕೈತಪ್ಪುವಂತಾದವು. ತನಗಿಂತ ಮೊದಲು ಅದೇ ಶಾಲೆಯಲ್ಲಿ ಕಲಿತವರ ಅಂಕ ತನ್ನ ಹಣೆಬರಹವಾಗುವುದು ಯಾವ ನ್ಯಾಯ ಎಂದು ಮಕ್ಕಳು ಕೇಳಿದರು. ವ್ಯಾಪಕ ಪ್ರತಿಭಟನೆಯ ಬಳಿಕ ಆಗಸ್ಟ್‌ನಲ್ಲಿ ಸಂಸ್ಥೆ ಅಂಕಗಳನ್ನು ಪರಿಷ್ಕರಿಸಿತು. 2024ರ ಮೇ ತಿಂಗಳಲ್ಲಿ ಇನ್ನೊಂದು ಹಗರಣ. ಒಂದು ಭಾಗದಲ್ಲಿ ಬೆಳಗಾಗಿ ಪರೀಕ್ಷೆ ಮುಗಿಸಿದವರು ಪ್ರಶ್ನೆಗಳನ್ನು ಅಂತರ್ಜಾಲದಲ್ಲಿ ಹಂಚಿದರು, ಇನ್ನೊಂದು ಭಾಗದಲ್ಲಿ ಇನ್ನೂ ಪರೀಕ್ಷಾ ಕೊಠಡಿಗೆ ಹೋಗದವರು ಅದನ್ನು ನೋಡಿಕೊಂಡರು. ಜ್ಞಾನದ ಸ್ವರೂಪದ ಬಗ್ಗೆ ಎರಡು ವರ್ಷ ಚರ್ಚಿಸಿದ ಮಕ್ಕಳೇ ಒಂದು ಗಣಿತ ಪತ್ರಿಕೆಗಾಗಿ ಪ್ರಾಮಾಣಿಕತೆಯನ್ನು ಮಾರಿಕೊಂಡರು. ಪಠ್ಯಕ್ರಮ ಎಷ್ಟೇ ಶ್ರೇಷ್ಠವಾಗಿರಲಿ, ಚಾರಿತ್ರ್ಯವನ್ನು ಅದು ಪೊಟ್ಟಣ ಕಟ್ಟಿ ಕೊಡಲಾರದು. ಅದು ಮನೆಯಿಂದಲೇ ಬರಬೇಕು.

ಅಂತಾರಾಷ್ಟ್ರೀಯ ಶಿಕ್ಷಣ ಪಡೆದವನನ್ನು ಜಗತ್ತು ತನ್ನವನೆಂದು ಅಪ್ಪಿಕೊಳ್ಳುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. ಫೆಲೆಸ್ತೀನಿನ ರಾಮಲ್ಲಾದಲ್ಲಿ ಕ್ವೇಕರ್ ಕ್ರೈಸ್ತರು 1869ರಲ್ಲಿ ಹೆಣ್ಣು ಮಕ್ಕಳಿಗಾಗಿ ಆರಂಭಿಸಿದ ಒಂದು ಶಾಲೆಯಿದೆ. ರಾಮಲ್ಲಾ ಫ್ರೆಂಡ್ಸ್ ಸ್ಕೂಲ್ ಎಂದೇ ಪ್ರಸಿದ್ಧವಾದ ಅಲ್ಲಿ ಮುಸ್ಲಿಮ್ ಮತ್ತು ಕ್ರೈಸ್ತ ಮಕ್ಕಳು ಜೊತೆಯಾಗಿ ಕಲಿಯುತ್ತಾರೆ. ಐಬಿ ಡಿಪ್ಲೊಮಾವನ್ನೂ ಪಡೆಯುತ್ತಾರೆ. ತಪಾಸಣಾ ಠಾಣೆಗಳ ನಡುವೆ, ಅತಿಕ್ರಮಣದ ನೆರಳಿನಲ್ಲಿ ಕಲಿತ ಅಲ್ಲಿನ ಮಕ್ಕಳು ಅಮೆರಿಕದ ಉತ್ತಮ ವಿಶ್ವವಿದ್ಯಾಲಯಗಳನ್ನು ಸೇರಿದ್ದಾರೆ. ಅಂತಹ ಮೂವರು ಗೆಳೆಯರು 2023ರ ನವೆಂಬರ್ 25ರ ಸಂಜೆ ವೆರ್ಮಂಟ್ ರಾಜ್ಯದ ಬರ್ಲಿಂಗ್ಟನ್ ಎಂಬ ಶಾಂತ ಪಟ್ಟಣದಲ್ಲಿ ನಡೆದು ಹೋಗುತ್ತಿದ್ದರು. ಇಬ್ಬರ ಹೆಗಲಲ್ಲಿ ಕೆಫಿಯ್ಯಾ ಇತ್ತು. ಇಂಗ್ಲಿಷ್ ಮತ್ತು ಅರಬಿಯನ್ನು ಬೆರೆಸಿ ಮಾತಾಡುತ್ತಿದ್ದರು. ಒಬ್ಬಾತ ಬಂದು ಮೂವರ ಮೇಲೂ ಗುಂಡು ಹಾರಿಸಿದ. ಒಬ್ಬ ವಿದ್ಯಾರ್ಥಿಯ ದೇಹ ಎದೆಯಿಂದ ಕೆಳಗೆ ಶಕ್ತಿ ಕಳೆದುಕೊಂಡಿತು. ಜಗತ್ತಿಗೆ ಬೇಕಾದ ಭಾಷೆ, ಶಿಕ್ಷಣ, ಪ್ರಮಾಣಪತ್ರ ಎಲ್ಲವೂ ಆ ಯುವಕರಲ್ಲಿತ್ತು. ಮಕ್ಕಳನ್ನು ಜಗತ್ತಿಗೆ ಸಿದ್ಧಪಡಿಸಿದರಷ್ಟೇ ಸಾಲದು, ಜಗತ್ತನ್ನೂ ಮಕ್ಕಳಿಗಾಗಿ ತಿದ್ದಬೇಕು ಎಂಬುದನ್ನು ಆ ಘಟನೆ ನೆನಪಿಸುತ್ತದೆ. ಆ ಕೆಲಸ ನೆರೆಹೊರೆಯಿಂದ ಆರಂಭವಾಗಬೇಕು. ನೆರೆಮನೆಯ ಮಗುವಿನ ಹೆಸರೇ ಗೊತ್ತಿಲ್ಲದಂತೆ ಬೆಳೆದ ಮಗು ವಿಶ್ವ ನಾಗರಿಕನಾಗುವುದು ಹೇಗೆ?

ಈ ದೃಷ್ಟಿಯಿಂದ ನೋಡಿದರೆ, ನಮ್ಮ ದೇಶದಲ್ಲಿ ಶಾಲೆಯೆಂಬುದು ಮಕ್ಕಳನ್ನು ಒಂದಾಗಿಸುವ ಬದಲು ಬೇರ್ಪಡಿಸುತ್ತಿದೆ. 1964-66ರ ಕೊಠಾರಿ ಆಯೋಗ ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯುವ ಸಮಾನ ಶಾಲಾ ಪದ್ಧತಿಯನ್ನು ಶಿಫಾರಸು ಮಾಡಿತ್ತು. ಅದು ಕಡತದಲ್ಲೇ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟುಗಳನ್ನು ಬಡ ಮಕ್ಕಳಿಗೆ ಮೀಸಲಿಟ್ಟು ಒಂದು ಸಣ್ಣ ಕಿಟಕಿಯನ್ನು ತೆರೆಯಿತು. ಆದರೆ ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದು ಕರ್ನಾಟಕ ಸರಕಾರ 2019ರಲ್ಲಿ ನಿಯಮ ಬದಲಿಸಿದಾಗ ಆ ಕಿಟಕಿಯೂ ಬಹುಮಟ್ಟಿಗೆ ಮುಚ್ಚಿತು. ಇಲ್ಲಿ ನಮ್ಮ ಆತ್ಮಾವಲೋಕನವೂ ಅಗತ್ಯ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯವಾಗುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 2025ರಲ್ಲಿ ಇನ್ನೊಂದು ಪೀಠ ಅದರ ಔಚಿತ್ಯದ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ನ್ಯಾಯಾಲಯ ಏನೇ ಹೇಳಲಿ, ಅಲ್ಪಸಂಖ್ಯಾತ ಎಂಬ ಹಕ್ಕಿನಡಿ ವಿನಾಯಿತಿ ಪಡೆದ ನಮ್ಮ ‘ಇಂಟರ್‌ನ್ಯಾಷನಲ್’ ಶಾಲೆಗಳಲ್ಲಿ ಆಟೋ ಚಾಲಕನ, ಬೀಡಿ ಕಟ್ಟುವ ತಾಯಿಯ ಮಕ್ಕಳಿಗೆ ಎಷ್ಟು ಸೀಟುಗಳಿವೆ? ಸಮುದಾಯದ ಹಕ್ಕು ಸಮುದಾಯದ ಬಡವನಿಗೇ ತಲುಪದಿದ್ದರೆ ಅದು ಯಾರ ಹಕ್ಕು?

6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯನ್ನೇ ಕಂಡಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಅಂದಿನಿಂದ ಪರಿಸ್ಥಿತಿ ಸುಧಾರಿಸಿರಬಹುದು. ಆದರೆ ಲಕ್ಷಗಟ್ಟಲೆ ಶುಲ್ಕದ ಶಾಲೆ ಮತ್ತು ಶಾಲೆಯೇ ಇಲ್ಲದ ಬಾಲ್ಯ, ಎರಡೂ ಒಂದೇ ಮೊಹಲ್ಲಾದಲ್ಲಿ ಕಾಣಸಿಗುವುದು ಇಂದಿಗೂ ತಪ್ಪಿಲ್ಲ. ಕೆಲವೊಮ್ಮೆ ಅವೆರಡೂ ಒಂದೇ ಮನೆಯಲ್ಲಿರುತ್ತವೆ. ಮಗನನ್ನು ಹಳದಿ ಬಸ್ಸು ಮನೆ ಬಾಗಿಲಿಗೆ ಬಂದು ಇಂಟರ್‌ನ್ಯಾಷನಲ್ ಶಾಲೆಗೆ ಒಯ್ಯುತ್ತದೆ. ಮಗಳು ಬೀದಿ ಕೊನೆಯ ಶಾಲೆಗೆ ನಡೆದು ಹೋಗುತ್ತಾಳೆ. ಅವಳ ಹೆಸರಿನಲ್ಲಿಟ್ಟ ಚಿನ್ನ ಅಣ್ಣನ ಶುಲ್ಕಕ್ಕೆ ಅಡವಾಗಿರುತ್ತದೆ. 2022ರ ಸಮವಸ್ತ್ರ ವಿವಾದದ ದಿನಗಳಲ್ಲಿ ಕರ್ನಾಟಕದ ಎಷ್ಟೋ ಹೆಣ್ಣು ಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತುದನ್ನು ನಾವು ಕಂಡಿದ್ದೇವೆ. ಮಗಳ ಶಿರವಸ್ತ್ರವನ್ನು ಪ್ರಶ್ನಿಸದ ಶಾಲೆಗಾಗಿ ಹೆತ್ತವರು ಹುಡುಕಾಡಿದರೆ ಅವರನ್ನು ದೂರುವಂತಿಲ್ಲ. ಆದರೆ ಗೇಟಿನ ಹೊರಗೆ ಅವಳಿಗಾದ ಅನ್ಯಾಯಕ್ಕೆ ಮರುಗಿದ ನಾವು, ಮನೆಯೊಳಗೆ ಅವಳ ಪಾಲನ್ನು ಕಸಿಯುವುದನ್ನು ಹೇಗೆ ಸಮರ್ಥಿಸಿಕೊಳ್ಳುತ್ತೇವೆ?

ಆದ್ದರಿಂದ ಹೆತ್ತವರಲ್ಲಿ ನಮ್ಮದು ಕೆಲವು ವಿನಂತಿಗಳು. ಹಣ ಕಟ್ಟುವ ಮುನ್ನ ಶಾಲೆಯ ಮಾನ್ಯತಾ ಪತ್ರವನ್ನೂ ಪಠ್ಯಕ್ರಮದ ಸಂಯೋಜನಾ ಸಂಖ್ಯೆಯನ್ನೂ ಕೇಳಿ. ಸಿಬಿಎಸ್‌ಇಯಾಗಲಿ, ಐಬಿಯಾಗಲಿ, ತಮ್ಮ ಶಾಲೆಗಳ ಪಟ್ಟಿಯನ್ನು ಬಹಿರಂಗವಾಗಿಟ್ಟಿವೆ. ಯಾರೂ ಅದನ್ನು ಪರಿಶೀಲಿಸಬಹುದು. ಅಧ್ಯಾಪಕರು ಎಷ್ಟು ವರ್ಷಗಳಿಂದ ಅಲ್ಲಿದ್ದಾರೆ, ಅವರ ಅರ್ಹತೆ ಏನು ಎಂದು ಕೇಳಿ. ಪ್ರತೀ ವರ್ಷ ಶಿಕ್ಷಕರು ಬದಲಾಗುವ ಶಾಲೆಯಲ್ಲಿ ಗೋಡೆಯ ಬಣ್ಣವಷ್ಟೇ ಖಾಯಂ. ಹತ್ತನೆಯ ತರಗತಿಯ ಬಳಿಕ ಮಗು ಎಲ್ಲಿಗೆ ಹೋಗಬೇಕೆಂದು ಯೋಚಿಸಿ. ಐಬಿ ಡಿಪ್ಲೊಮಾಕ್ಕೆ ನಮ್ಮ ದೇಶದಲ್ಲಿಯೂ ಪಿಯುಸಿಗೆ ಸಮನಾದ ಮಾನ್ಯತೆಯಿದೆ ನಿಜ. ಆದರೆ ನೀಟ್, ಜೆಇಇ ಪರೀಕ್ಷೆಗಳ ದಾರಿ ಬೇರೆ. ಆ ಮಕ್ಕಳಿಗೆ ಪ್ರತ್ಯೇಕ ತರಬೇತಿ ಬೇಕಾಗುತ್ತದೆ. ವಿದೇಶದಲ್ಲಿ ಕಲಿಸುವ ಶಕ್ತಿ ಇಲ್ಲದ ಕುಟುಂಬ ವಿದೇಶಕ್ಕೆಂದೇ ರೂಪಿಸಿದ ಪಠ್ಯಕ್ರಮಕ್ಕೆ ಸಾಲ ಮಾಡುವುದು ವಿವೇಕವೆನಿಸದು. ಹತ್ತು-ಹನ್ನೆರಡು ವರ್ಷ ಕಟ್ಟಬೇಕಾದ ಶುಲ್ಕವನ್ನು ಮೊದಲ ವರ್ಷದ ಉತ್ಸಾಹದಲ್ಲಿ ಲೆಕ್ಕ ಹಾಕಬೇಡಿ. ಗಲ್ಫ್‌ನ ಕೆಲಸ ಎಂದು ಕೈತಪ್ಪುವುದೋ ಹೇಳುವವರಾರು? ಏಳನೆಯ ತರಗತಿಯಲ್ಲಿ ಶಾಲೆ ಬಿಡಿಸಬೇಕಾಗಿ ಬಂದ ಮಗುವಿನ ಮನಸ್ಸಿನ ಗಾಯಕ್ಕೆ ಯಾವ ಸಮಾಧಾನವೂ ಸಾಲದು.

ಸಮುದಾಯದ ಸಿರಿವಂತರಿಗೂ ಸಂಸ್ಥೆಗಳಿಗೂ ಇಲ್ಲಿ ಮಾದರಿಗಳಿವೆ. ಜರ್ಮನಿಯಲ್ಲಿ ನಾಝಿಗಳ ವಿರುದ್ಧ ದನಿಯೆತ್ತಿ ದೇಶ ತೊರೆಯಬೇಕಾಗಿ ಬಂದ ಶಿಕ್ಷಣ ತಜ್ಞ ಕರ್ಟ್ ಹಾನ್‌ರ ಚಿಂತನೆಯಿಂದ 1962ರಲ್ಲಿ ವೇಲ್ಸ್‌ನಲ್ಲಿ ಆರಂಭವಾದ ಕಾಲೇಜು ಇಂದು ‘ಯುನೈಟೆಡ್ ವರ್ಲ್ಡ್ ಕಾಲೇಜ್’ಗಳ ಸಮೂಹವಾಗಿ ಬೆಳೆದಿದೆ. 1997ರಿಂದ ಪುಣೆಯ ಬಳಿಯೂ ಒಂದಿದೆ. ಹಲವಾರು ದೇಶಗಳಿಂದ ಆಯ್ಕೆಯಾಗುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ವಿದ್ಯಾರ್ಥಿವೇತನದ ನೆರವಿದೆ. ಆಗಾ ಖಾನ್ ಅಕಾಡೆಮಿಗಳು 2003ರಲ್ಲಿ ಮೊಂಬಾಸಾದಲ್ಲಿ, 2011ರಲ್ಲಿ ನಮ್ಮ ನೆರೆಯ ಹೈದರಾಬಾದ್‌ನಲ್ಲಿ ತೆರೆದವು. ಅಲ್ಲಿ ಐಬಿ ಪಠ್ಯಕ್ರಮವಿದೆ, ಪ್ರತಿಭೆಯ ಆಧಾರದ ಪ್ರವೇಶವಿದೆ, ಶುಲ್ಕ ಭರಿಸಲಾಗದವರಿಗೆ ಆರ್ಥಿಕ ನೆರವಿದೆ. ಇಂತಹ ಅವಕಾಶಗಳ ಬಗ್ಗೆ ನಮ್ಮ ಪ್ರತಿಭಾವಂತ ಮಕ್ಕಳಿಗೆ ಮಾಹಿತಿ ನೀಡುವ, ಅರ್ಜಿ ಬರೆಯಲು ಕಲಿಸುವ ವ್ಯವಸ್ಥೆ ಪ್ರತೀ ಊರಿನಲ್ಲಿ ಇರಬೇಕಲ್ಲವೇ? ಹೊಸ ಇಂಟರ್‌ನ್ಯಾಷನಲ್ ಶಾಲೆಗೆ ಕೋಟಿಗಳನ್ನು ಸುರಿಯುವ ಮೊದಲು, ಊರಿನ ಸರಕಾರಿ ಶಾಲೆಗೆ ಒಂದು ಗ್ರಂಥಾಲಯ, ಒಂದು ಪ್ರಯೋಗಾಲಯ, ಒಬ್ಬ ಒಳ್ಳೆಯ ಇಂಗ್ಲಿಷ್ ಶಿಕ್ಷಕನ ಸಂಬಳ- ಇಷ್ಟನ್ನು ನೀಡಲು ನಮಗೆ ಸಾಧ್ಯವಿಲ್ಲವೇ?

ಐಬಿ ಪದ್ಧತಿಯಲ್ಲಿ ನಿಜಕ್ಕೂ ಬೆಲೆಯುಳ್ಳ ಸಂಗತಿಗಳಿಗೆ ಲಕ್ಷ ರೂಪಾಯಿ ಬೇಕಿಲ್ಲ. ಮಗು ತಾನೇ ಪ್ರಶ್ನೆ ಕೇಳುವುದು, ಉತ್ತರ ಹುಡುಕುವುದು, ತನ್ನ ಮಾತೃಭಾಷೆಯ ಪುಸ್ತಕ ಓದುವುದು, ವಾರಕ್ಕೊಂದಿಷ್ಟು ಹೊತ್ತು ಇನ್ನೊಬ್ಬರ ಸೇವೆ ಮಾಡುವುದು- ಇವನ್ನು ಊರಿನ ಸರಕಾರಿ ಶಾಲೆಯಲ್ಲಿಯೂ ಮಾಡಬಹುದು, ನಮ್ಮ ಮನೆಯ ಜಗಲಿಯಲ್ಲಿಯೂ ಮಾಡಬಹುದು. ಸರಕಾರಿ ಶಾಲೆಗಳನ್ನು ಬಲಪಡಿಸಬೇಕೆಂದು ಸರಕಾರವನ್ನು ಒತ್ತಾಯಿಸುವ ದನಿ ಎಲ್ಲರಿಗಿಂತ ಮೊದಲು ನಮ್ಮಿಂದ ಬರಬೇಕು. ಏಕೆಂದರೆ ಅಲ್ಲಿ ಕಲಿಯುವ ಮಕ್ಕಳಲ್ಲಿ ನಮ್ಮವರು ಬಹಳಷ್ಟಿದ್ದಾರೆ.

ಈ ಬಾರಿ ಶಾಲೆಯ ಅರ್ಜಿ ತುಂಬುವಾಗ ಹೆತ್ತವರು ಮಗ ಮತ್ತು ಮಗಳು ಇಬ್ಬರನ್ನೂ ಎದುರಿಗೆ ಕೂರಿಸಿಕೊಳ್ಳಲಿ. ಇಬ್ಬರಿಗೂ ಸಮನಾಗಿ, ಕೊನೆಯವರೆಗೂ, ಸಾಲವಿಲ್ಲದೆ ಕೊಡಬಹುದಾದ ಶಿಕ್ಷಣ ಯಾವುದೋ ಅದುವೇ ಅವರ ಪಾಲಿಗೆ ಶ್ರೇಷ್ಠವಾದುದು, ಶಾಲೆಯ ಹೆಸರು ಏನೇ ಇರಲಿ.